ಚಿಪ್‌ನೊಳಗೆ ಇಣುಕುವ ದಾರಿ

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈ ಸೀಮೆಗೆ ಲೇತ್ ಕಟ್ಟುವ ಕೈಗಳನ್ನು ಕೊಟ್ಟಿತು. ಯಂತ್ರ ಕೈಕೊಟ್ಟರೆ ಅವರು ಮುಚ್ಚಳ ಬಿಚ್ಚಿ, ಯಾವ ಗೇರ್ ಸವೆದಿದೆ ಎಂದು ಕಣ್ಣಾರೆ ನೋಡುತ್ತಿದ್ದರು. ದಾವಣಗೆರೆಯ ಆನೆಕೊಂಡದಲ್ಲಿ ಕೂತು ನಾನು ಮಾಡುವುದು ಎಲೆಕ್ಟ್ರಾನಿಕ್ಸ್ ಬೋರ್ಡ್‌ಗಳ ಕೆಲಸ. ಚಿಪ್‌ಗೆ ಬಿಚ್ಚಲು ಮುಚ್ಚಳವೇ ಇಲ್ಲ.

ನಮ್ಮ ಕಾಲದವರು ಕಲಿತದ್ದು 8085 ಕಿಟ್ ಮೇಲೆ. ಆರು ಕೆಂಪು ಅಂಕಿಗಳಲ್ಲಿ ನಾಲ್ಕು ವಿಳಾಸಕ್ಕೆ, ಎರಡು ದತ್ತಾಂಶಕ್ಕೆ. ಪ್ರೋಗ್ರಾಂ ದಾರಿ ತಪ್ಪಿದರೆ ರಿಸೆಟ್ ಒತ್ತಬೇಕು, ಅಷ್ಟೇ. ಆಮೇಲೆ ಎಲ್‌ಪಿಸಿ2148 ಬೋರ್ಡ್‌ಗಳು ಬಂದವು. ಸೀರಿಯಲ್ ಕೇಬಲ್‌ನಲ್ಲಿ ಹೆಕ್ಸ್ ಫೈಲ್ ಇಳಿಸಿ, ಎಲ್‌ಇಡಿ ಹೊತ್ತಿತೇ ಎಂದು ಕಾಯುತ್ತಿದ್ದೆವು. ಅದೇ ಬೋರ್ಡ್ ಮೇಲೆ ಜೇಟ್ಯಾಗ್‌ನ ಇಪ್ಪತ್ತು ಪಿನ್‌ಗಳು ಸುಮ್ಮನೆ ನಿಂತಿರುತ್ತಿದ್ದವು.

ಜೇಟ್ಯಾಗ್ ಹುಟ್ಟಿದ್ದು ಬೆಸುಗೆ ಪರೀಕ್ಷೆಗೆ. ಚಿಪ್‌ನ ಕಾಲುಗಳು ಒತ್ತೊತ್ತಾಗಿ, ಸೂಜಿ ಇಟ್ಟು ನೋಡುವುದು ಕಷ್ಟವಾದಾಗ 1985ರಲ್ಲಿ ಕಂಪನಿಗಳ ಕೂಟವೊಂದು ಸೇರಿತು. 1990ರಲ್ಲಿ ಅದರ ಕೆಲಸ ಐಇಇಇ 1149.1 ಮಾನಕವಾಯಿತು. ಟಿಸಿಕೆ, ಟಿಎಂಎಸ್, ಟಿಡಿಐ, ಟಿಡಿಒ ಎಂಬ ಅದರ ನಾಲ್ಕು ತಂತಿಗಳಲ್ಲೇ ಓಡುವ ಪ್ರೊಸೆಸರನ್ನು ನಿಲ್ಲಿಸಿ ರಿಜಿಸ್ಟರ್ ಓದುವ ದಾರಿಯೂ ಆಯಿತು. ಅದಕ್ಕೆ ಬೇಕಾದ ಪೆಟ್ಟಿಗೆಗಳ ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ.

ಆ ಗೋಡೆ ಒಡೆದವನು ಒಬ್ಬ ವಿದ್ಯಾರ್ಥಿ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಡೊಮಿನಿಕ್ ರಾತ್ 2005ರಲ್ಲಿ ಡಿಪ್ಲೊಮಾ ಪ್ರಬಂಧಕ್ಕೆಂದು ಜೇಟ್ಯಾಗ್ ಮೂಲಕ ಚಿಪ್‌ನೊಳಗೆ ನೋಡುವ ಓಪನ್‌ಒಸಿಡಿ ಎಂಬ ಪ್ರೋಗ್ರಾಂ ಬರೆದ, ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಲ್ಯಾಪ್‌ಟಾಪ್‌ಗಳಿಂದ ಪ್ಯಾರಲಲ್ ಪೋರ್ಟ್ ಮಾಯವಾಗುತ್ತಿದ್ದ ಹೊತ್ತದು. ಅದರ ಬದಲು ಬಂದ ಯುಎಸ್‌ಬಿ ಜೇಟ್ಯಾಗ್ ಅಡಾಪ್ಟರ್‌ಗಳಲ್ಲಿ ಎಫ್‌ಟಿ2232 ಚಿಪ್ ಕೂತಿತು. ಆದರೆ ಅದರ ತಯಾರಕರ ಡ್ರೈವರ್ ಲೈಬ್ರರಿಯ ಮೂಲ ಮುಚ್ಚಿದ್ದು. ಜಿಪಿಎಲ್ ಪ್ರೋಗ್ರಾಂ ಜೊತೆ ಬೆಸೆದು ಹಂಚುವಂತಿಲ್ಲ. ನಿಮ್ಮ ಯಂತ್ರದಲ್ಲಿ ನೀವೇ ಕಟ್ಟಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಬೂಟ್‌ಸ್ಟ್ರ್ಯಾಪ್, ಕಾನ್ಫಿಗರ್, ಮೇಕ್ ಎಂಬ ಮೂರು ಹೆಜ್ಜೆ ನಮಗೆ ರೂಢಿಯಾದದ್ದು ಹೀಗೆ. ಮುಂದೆ ಲಿಬ್‌ಯುಎಸ್‌ಬಿ ಮೇಲೆ ನಿಂತ ಡ್ರೈವರ್ ಬಂದು ಆ ಇಕ್ಕಟ್ಟು ತಪ್ಪಿತು.

ಡ್ರೈವರ್ ಕಾಟ ಮಾತ್ರ ಪೂರ್ತಿ ತಪ್ಪಲಿಲ್ಲ. ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಕೊಟ್ಟರೆ ಆ ಚಿಪ್‌ನ ಗುರುತು 0403:6010 ಕಾಣುತ್ತದೆ, ಆದರೂ ಅನುಮತಿ ಇಲ್ಲವೆಂಬ ದೋಷ ಬರುತ್ತದೆ. ಯುಡೆವ್ ನಿಯಮದ ಫೈಲನ್ನು ಅದರ ಜಾಗಕ್ಕೆ ಹಾಕಿ ಅಡಾಪ್ಟರ್ ಕಿತ್ತು ಮತ್ತೆ ಚುಚ್ಚಿದರೆ ತೆರೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಾದರೆ ಝಾಡಿಗ್ ತೆರೆದು ಇಂಟರ್‌ಫೇಸ್ 0ಕ್ಕೆ ಮಾತ್ರ ವಿನ್‌ಯುಎಸ್‌ಬಿ ಹಾಕಬೇಕು. 1ನ್ನು ಮುಟ್ಟಿದರೆ ಸೀರಿಯಲ್ ಪೋರ್ಟ್ ಹೋಯಿತೆಂದೇ ಲೆಕ್ಕ. ಕಲಿಯಲು ಬರುವ ಹುಡುಗರಿಗೆ ಇದನ್ನು ನಾನು ಬಾಯಿಮಾತಿನಲ್ಲಿ ಹೇಳುವುದಿಲ್ಲ, ಪಕ್ಕದಲ್ಲಿ ಕೂತು ಮಾಡಿಸುತ್ತೇನೆ.

ಓಪನ್‌ಒಸಿಡಿಯ ರೆಡಿಮೇಡ್ ಪ್ಯಾಕೇಜ್ ಸಿಗುವಾಗ ಮೂಲದಿಂದ ಕಟ್ಟುವುದೇಕೆ ಎಂದು ಕೇಳುವವರಿಗೆ ನಾನು ರಾಸ್ಪ್‌ಬೆರಿ ಪೈನವರ ಪೈಕೋ ಬೋರ್ಡ್ ತೋರಿಸುತ್ತೇನೆ. ಅದು ಬಂದದ್ದು 2021ರ ಜನವರಿಯಲ್ಲಿ. ಅದರ ಆರ್‌ಪಿ2040 ಚಿಪ್‌ಗೆ ಬೆಂಬಲವಿರುವ ಓಪನ್‌ಒಸಿಡಿ 0.12 ಬಂದದ್ದು 2023ರ ಜನವರಿಯಲ್ಲಿ. ನಡುವಿನ ಎರಡು ವರ್ಷ ರಾಸ್ಪ್‌ಬೆರಿ ಪೈನವರ ಕವಲಿನ ಮೂಲವನ್ನು ಇಳಿಸಿಕೊಂಡು ಕಟ್ಟಿದವರು ಆ ಚಿಪ್‌ನ ಒಳಗೆ ನೋಡಿದರು.