ಡೋಪಮೈನ್ ಗ್ರಾಹಕಗಳು ಮತ್ತು ಮಾದಕ ವ್ಯಸನ

ಡೋಪಮೈನ್ ಎಂಬ ನರವಾಹಕವನ್ನು ಹಿಡಿದು, ಅದರ ಸಂದೇಶವನ್ನು ನರಕೋಶದೊಳಕ್ಕೆ ದಾಟಿಸುವ ಪ್ರೋಟೀನುಗಳೇ ಡೋಪಮೈನ್ ಗ್ರಾಹಕಗಳು. ಮಾದಕ ವಸ್ತು ಒಮ್ಮೆ ಕೊಟ್ಟ ಅನುಭವ ಮತ್ತೆ ಮತ್ತೆ ಸೇವಿಸುವ ನಡವಳಿಕೆಯಾಗಿ ಬಲಗೊಳ್ಳುವುದರಲ್ಲಿ, ಅಂದರೆ ಪುನರ್ಬಲನದಲ್ಲಿ, ಇವುಗಳ ಪಾತ್ರ ದೊಡ್ಡದು.

ಗ್ರಾಹಕಗಳು ಡಿ1ರಿಂದ ಡಿ5ರವರೆಗೆ ಐದು ಬಗೆ. ಡಿ1, ಡಿ5 ಒಂದು ಗುಂಪು. ಇವು ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಉತ್ಪಾದನೆಯನ್ನು ಹೆಚ್ಚಿಸುತ್ತವೆ. ಡಿ2, ಡಿ3, ಡಿ4 ಇನ್ನೊಂದು ಗುಂಪು. ಇವು ಅದನ್ನು ತಗ್ಗಿಸುತ್ತವೆ. ಡಿ1, ಡಿ2 ಎಂಬ ವಿಭಜನೆಯನ್ನು 1979ರಲ್ಲಿ ವಿಜ್ಞಾನಿಗಳಾದ ಕೆಬೇಬಿಯನ್ ಮತ್ತು ಕಾಲ್ನ್ ಮುಂದಿಟ್ಟರು.

ಮಿದುಳಿಗೆ ವಿದ್ಯುತ್ ಪ್ರಚೋದನೆ ಸಿಗುವುದಾದರೆ ಇಲಿಗಳು ಸನ್ನೆಕೋಲನ್ನು ಪದೇ ಪದೇ ಒತ್ತುತ್ತವೆ ಎಂದು 1954ರಲ್ಲಿ ಕೆನಡಾದಲ್ಲಿ ಸಂಶೋಧಕರಾದ ಓಲ್ಡ್ಸ್ ಮತ್ತು ಮಿಲ್ನರ್ ತೋರಿಸಿದರು. ಈ ಬಗೆಯ ವರ್ತನೆಗೆ ಮುಖ್ಯವಾದದ್ದು ನಡುಮಿದುಳಿನಿಂದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಮಿದುಳಿನ ಭಾಗಕ್ಕೆ ಹೋಗುವ ಡೋಪಮೈನ್ ಮಾರ್ಗವೆಂದು ಮುಂದೆ ತಿಳಿಯಿತು. ಮಾದಕಗಳು ಇದನ್ನು ಬೇರೆ ಬೇರೆ ಬಗೆಯಲ್ಲಿ ಕೆಣಕುತ್ತವೆ. ಬಿಡುಗಡೆಯಾದ ಡೋಪಮೈನ್ ಹಿಂದಕ್ಕೆ ಹೀರಲ್ಪಡುವುದನ್ನು ಕೊಕೇನ್ ತಡೆಯುತ್ತದೆ. ಆಂಫೆಟಮೈನ್ ಕೋಶದೊಳಗಿನ ದಾಸ್ತಾನನ್ನೇ ಹೊರಹಾಕಿಸುತ್ತದೆ. ನಿಕೋಟಿನ್ ಡೋಪಮೈನ್ ಕೋಶಗಳನ್ನು ನೇರವಾಗಿ ಉದ್ದೀಪಿಸಿದರೆ, ಹೆರಾಯಿನ್ ಅವುಗಳನ್ನು ಹತೋಟಿಯಲ್ಲಿಡುವ ಕೋಶಗಳ ಬಾಯಿ ಕಟ್ಟುತ್ತದೆ.

ಹೀಗೆ ಏರಿದ ಡೋಪಮೈನಿಗೆ ಎರಡೂ ಗುಂಪುಗಳು ಒಂದೇ ರೀತಿ ಸ್ಪಂದಿಸುವುದಿಲ್ಲ. ಡಿ1 ಗ್ರಾಹಕವಿಲ್ಲದಂತೆ ಬೆಳೆಸಿದ ಚಿಕ್ಕ ಜಾತಿಯ ಇಲಿಗಳು ಕೊಕೇನನ್ನು ತಾವಾಗಿ ತೆಗೆದುಕೊಳ್ಳುವುದನ್ನು ಸರಿಯಾಗಿ ಕಲಿಯುವುದೇ ಇಲ್ಲ. ಕೊಕೇನ್ ಬಿಡಿಸಿದ ಇಲಿಗಳಲ್ಲಿ ಡಿ2 ಗುಂಪನ್ನು ಉದ್ದೀಪಿಸಿದರೆ ಹುಡುಕಾಟ ಮರಳುತ್ತದೆ. ಡಿ1 ಗುಂಪನ್ನು ಉದ್ದೀಪಿಸಿದರೆ ಅದು ತಗ್ಗುತ್ತದೆ.

ಕೊಕೇನ್ ವ್ಯಸನಿಗಳ ಮಿದುಳಿನಲ್ಲಿ ಡಿ2 ಲಭ್ಯತೆ ಕಡಿಮೆಯಿರುವುದನ್ನು ಸಂಶೋಧಕಿ ನೋರಾ ವೋಲ್ಕೋವ್ ಮತ್ತು ಸಂಗಡಿಗರು ಪೆಟ್ ಸ್ಕ್ಯಾನ್‌ಗಳಲ್ಲಿ ಕಂಡರು. ಇದು ವ್ಯಸನದ ಫಲವೋ ಕಾರಣವೋ? 2002ರಲ್ಲಿ ಪ್ರಕಟವಾದ ಕೋತಿಗಳ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಒಂಟಿಯಾಗಿದ್ದಾಗ ಎಲ್ಲ ಕೋತಿಗಳ ಡಿ2 ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿತ್ತು. ಗುಂಪಿನಲ್ಲಿ ಇಟ್ಟ ಮೇಲೆ ಯಜಮಾನಿಕೆ ಪಡೆದವುಗಳಲ್ಲಿ ಅದು ಏರಿತು. ಕೊಕೇನ್ ಸೆಳೆತಕ್ಕೆ ಅವು ಅಷ್ಟಾಗಿ ಸಿಲುಕಲಿಲ್ಲ. ಅಂದರೆ ಗ್ರಾಹಕಗಳ ಪ್ರಮಾಣವನ್ನು ಮಾದಕವಷ್ಟೇ ಅಲ್ಲ, ಬದುಕುವ ಪರಿಸರವೂ ಬದಲಿಸಬಲ್ಲದು.

ಗ್ರಾಹಕಗಳನ್ನು ತಡೆಯುವ ಔಷಧಗಳು ವ್ಯಸನಕ್ಕೆ ಸುಲಭ ಮದ್ದಾಗಿಲ್ಲ. ಚಲನೆ, ಉತ್ಸಾಹ, ಕಲಿಕೆಗಳೂ ಇದೇ ಗ್ರಾಹಕಗಳನ್ನು ಅವಲಂಬಿಸಿರುವುದರಿಂದ, ತಡೆದರೆ ಅವೂ ಕುಗ್ಗುತ್ತವೆ.