ಠರಾವು ನಗರದ್ದು, ಖರ್ಚು ರಾಜ್ಯದ್ದು: ಕ್ಯಾಲಿಫೋರ್ನಿಯಾದಲ್ಲಿ ಕಠಿಣ ಶಿಕ್ಷೆಗೆ ಸ್ಥಳೀಯ ಸರ್ಕಾರಗಳ ಬೆಂಬಲ

2024ರ ನವೆಂಬರ್ 5ರಂದು ಕ್ಯಾಲಿಫೋರ್ನಿಯಾದ ಮತದಾರರು ಪ್ರಸ್ತಾವ 36ನ್ನು ಶೇ. 68ರಷ್ಟು ಮತಗಳಿಂದ ಅಂಗೀಕರಿಸಿದರು. ಕಳವಿಗಾಗಿ ಹಿಂದೆ ಎರಡು ಸಲ ಶಿಕ್ಷೆಯಾದವನು ಮತ್ತೆ ಸಿಕ್ಕಿಬಿದ್ದರೆ, ಕದ್ದ ಮಾಲಿನ ಬೆಲೆ ಎಷ್ಟೇ ಕಡಿಮೆಯಿರಲಿ, ಅದನ್ನು ಗುರುತರ ಅಪರಾಧವೆಂದು ಎಣಿಸಲು ಈ ಕಾನೂನು ದಾರಿ ಮಾಡಿಕೊಟ್ಟಿತು. ಮಾದಕ ವಸ್ತುವಿನ ಪ್ರಕರಣಗಳಲ್ಲಿ ಹಿಂದೆ ಎರಡು ಬಾರಿ ಶಿಕ್ಷೆಗೊಳಗಾಗಿ ಮತ್ತೆ ಅಂಥ ವಸ್ತು ಇಟ್ಟುಕೊಂಡವನ ಮುಂದೆ ಎರಡು ದಾರಿಗಳಿವೆ: ಚಿಕಿತ್ಸೆ ಮುಗಿಸುವುದು ಅಥವಾ ಸೆರೆವಾಸ. ಡೆಮಾಕ್ರಟಿಕ್ ಪಕ್ಷದ ಗವರ್ನರ್ ಗ್ಯಾವಿನ್ ನ್ಯೂಸಮ್ ಇದನ್ನು ವಿರೋಧಿಸಿದ್ದರು. ಅದೇ ಪಕ್ಷದ ಆಗಿನ ಮೇಯರ್‌ಗಳಾದ ಸಾನ್ ಫ್ರಾನ್ಸಿಸ್ಕೊದ ಲಂಡನ್ ಬ್ರೀಡ್, ಸಾನ್ ಹೋಸೆಯ ಮ್ಯಾಟ್ ಮಹನ್, ಸಾನ್ ಡಿಯಾಗೊದ ಟಾಡ್ ಗ್ಲೋರಿಯಾ ಬಹಿರಂಗವಾಗಿ ಬೆಂಬಲಿಸಿದರು. ಗುರುತರ ಅಪರಾಧಗಳಿಗೆ ಶಿಕ್ಷೆಯ ಕಾನೂನು ಬರೆಯುವ ಅಧಿಕಾರ ನಗರಗಳಿಗಿಲ್ಲ, ರಾಜ್ಯದ ಸೆರೆಮನೆಗಳನ್ನು ಅವು ನಡೆಸುವುದೂ ಇಲ್ಲ. ಆದರೂ ಶಿಕ್ಷೆ ಹೆಚ್ಚಬೇಕೆಂಬ ಕೂಗು ಅಲ್ಲಿಂದಲೇ ಮತ್ತೆ ಮತ್ತೆ ಏಳುತ್ತದೆ. ಜನರ ಭಯವೊಂದೇ ಇದಕ್ಕೆ ಕಾರಣವಲ್ಲ, ಸರ್ಕಾರದ ಲೆಕ್ಕಪತ್ರವನ್ನು ಹಂಚಿರುವ ರೀತಿಯೂ ಅಷ್ಟೇ ದೊಡ್ಡ ಕಾರಣ ಎಂಬುದು ಈ ಲೇಖನದ ವಾದ.

ಕನ್ನಡದ ಓದುಗರಿಗೆ ಅಲ್ಲಿನ ಏರ್ಪಾಡು ಸ್ವಲ್ಪ ಅಪರಿಚಿತ. ಕರ್ನಾಟಕದಲ್ಲಿ ಪೊಲೀಸ್, ಸರ್ಕಾರಿ ಅಭಿಯೋಜಕ, ಕಾರಾಗೃಹ ಎಲ್ಲಕ್ಕೂ ಹಣ ಬರುವುದು ರಾಜ್ಯದ ಒಂದೇ ಖಜಾನೆಯಿಂದ. ನಗರಸಭೆಗೂ ಜಿಲ್ಲಾ ಪಂಚಾಯಿತಿಗೂ ಅದರಲ್ಲಿ ಪಾತ್ರವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಹುತೇಕ ದೊಡ್ಡ ನಗರಗಳು ತಮ್ಮದೇ ಪೊಲೀಸ್ ಪಡೆ ಇಟ್ಟುಕೊಂಡಿವೆ. ಮೊಕದ್ದಮೆ ಹೂಡುವ ಜಿಲ್ಲಾ ಅಟಾರ್ನಿ ಮತ್ತು ಜೈಲು ನೋಡಿಕೊಳ್ಳುವ ಶೆರಿಫ್ ಇಬ್ಬರೂ ಕೌಂಟಿಯ ಮತದಾರರಿಂದ ಆರಿಸಿ ಬಂದವರು. ನಮ್ಮ ಜಿಲ್ಲೆಗಳಂತಿರುವ ಇಂಥ ಕೌಂಟಿಗಳು 58. ಸೆರೆಯ ಬದಲು ಊರಲ್ಲೇ ನಿಗಾವಣೆಯಲ್ಲಿಡುವ ಪ್ರೊಬೇಷನ್ ಇಲಾಖೆಯೂ ಕೌಂಟಿಯದ್ದೇ. ದೀರ್ಘ ಶಿಕ್ಷೆಯ ಕೈದಿಗಳನ್ನು ಇಡುವ ಸೆರೆಮನೆ ಮತ್ತು ಪೆರೋಲ್ ಮಾತ್ರ ರಾಜ್ಯಕ್ಕೆ ಸೇರಿದ್ದು. ಅಲ್ಲಿ ಪೆರೋಲ್ ಎಂದರೆ ನಮ್ಮಲ್ಲಿಯ ಹಾಗೆ ಅಲ್ಪಾವಧಿಯ ರಜೆಯಲ್ಲ, ಸೆರೆಮನೆಯಿಂದ ಹೊರಬಂದ ಮೇಲಿನ ನಿಗಾವಣೆಯ ಅವಧಿ.

ಈ ಹಂಚಿಕೆಯಲ್ಲೇ ತೊಡಕಿದೆ. ಯಾರನ್ನು ಎಷ್ಟು ಗಂಭೀರವಾದ ಆರೋಪದ ಮೇಲೆ ನ್ಯಾಯಾಲಯಕ್ಕೆ ಎಳೆಯಬೇಕೆಂದು ಕೌಂಟಿ ತೀರ್ಮಾನಿಸುತ್ತದೆ. ಅವನನ್ನು ವರ್ಷಗಟ್ಟಲೆ ಸಾಕುವ ವೆಚ್ಚ ರಾಜ್ಯದ ತಲೆಗೆ ಬೀಳುತ್ತದೆ. ಈಚಿನ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಕೈದಿಗೆ ವರ್ಷಕ್ಕೆ ಸುಮಾರು 1,30,000 ಡಾಲರ್ ಖರ್ಚಾಗುತ್ತದೆ. ಅದೇ ಆರೋಪಿಯನ್ನು ಊರಲ್ಲೇ ಪ್ರೊಬೇಷನ್ ಮೇಲಿಟ್ಟರೆ, ಇಲ್ಲವೇ ಕೌಂಟಿಯ ಜೈಲಿನಲ್ಲಿಟ್ಟರೆ ಖರ್ಚು ಕೌಂಟಿಯದು. ಹೀಗಾಗಿ ಕೌಂಟಿಯ ಬೊಕ್ಕಸಕ್ಕೆ ಅತಿ ಅಗ್ಗವಾದ ಶಿಕ್ಷೆಯೇ ಸಮಾಜಕ್ಕೆ ಅತಿ ದುಬಾರಿ ಶಿಕ್ಷೆಯಾಗುತ್ತದೆ. ಸಂಶೋಧಕರಾದ ಫ್ರಾಂಕ್ಲಿನ್ ಝಿಮ್ರಿಂಗ್ ಮತ್ತು ಗಾರ್ಡನ್ ಹಾಕಿನ್ಸ್ 1991ರಲ್ಲೇ ಇದನ್ನು ಸೆರೆಮನೆಯ ಬಿಟ್ಟಿ ಊಟವೆಂದು ಕರೆದರು. 2012ರಲ್ಲಿ ಇನ್ನೊಬ್ಬ ಸಂಶೋಧಕ ಡೇವಿಡ್ ಬಾಲ್ ಕೌಂಟಿವಾರು ಅಂಕಿಅಂಶಗಳನ್ನು ಇಟ್ಟುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೌಂಟಿಗಳು ಸೆರೆಮನೆಗೆ ಕಳಿಸುವವರ ಸಂಖ್ಯೆಯನ್ನು ಅಲ್ಲಿನ ಹಿಂಸಾಪರಾಧದ ಪ್ರಮಾಣದಿಂದ ವಿವರಿಸಲಾಗದು ಎಂಬುದು ಅವರ ನಿಷ್ಕರ್ಷೆ. ಉದಾಹರಣೆಗೆ, ಅಲಮೀಡಾ, ಸಾನ್ ಬರ್ನಾರ್ಡಿನೊ ಕೌಂಟಿಗಳಲ್ಲಿ ಹಿಂಸೆ ಹೆಚ್ಚಿದ್ದುದು ಅಲಮೀಡಾದಲ್ಲಿ, ಸೆರೆಮನೆಗೆ ಹೆಚ್ಚು ಜನರನ್ನು ತಳ್ಳಿದ್ದು ಸಾನ್ ಬರ್ನಾರ್ಡಿನೊ.

ಇದು ಬರಿಯ ಸಿದ್ಧಾಂತವೆನ್ನುವವರು ಮೂರು ಪ್ರಯೋಗಗಳನ್ನು ನೋಡಬೇಕು. ಮೊದಲನೆಯದು 1965ರ ಪ್ರೊಬೇಷನ್ ಸಹಾಯಧನ ಕಾಯಿದೆ. ರಾಜ್ಯದ ಸಂಸ್ಥೆಗಳಿಗೆ ಕಳಿಸದೆ ಊರಲ್ಲೇ ಉಳಿಸಿಕೊಂಡ ಒಬ್ಬೊಬ್ಬ ಅಪರಾಧಿಗೂ ರಾಜ್ಯವು ಕೌಂಟಿಗೆ 4,000 ಡಾಲರ್‌ವರೆಗೆ ಕೊಟ್ಟಿತು. ಕೌಂಟಿಗಳು ಕಳಿಸುವುದನ್ನು ಕಡಿಮೆ ಮಾಡಿದವು. ಪೊಲೀಸರ ವಿರೋಧ ಬಲವಾಯಿತು, ಬೆಲೆಯೇರಿಕೆಗೆ ತಕ್ಕಂತೆ ಸಹಾಯಧನ ಏರಲಿಲ್ಲ. 1978ರ ಹೊತ್ತಿಗೆ ಯೋಜನೆ ಮುಗಿಯಿತು.

ಎರಡನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ. ಬಾಲಾಪರಾಧಿಗಳನ್ನು ರಾಜ್ಯದ ಯುವ ಪ್ರಾಧಿಕಾರಕ್ಕೆ ಕಳಿಸಲು ಕೌಂಟಿ ತೆರಬೇಕಿದ್ದ ಶುಲ್ಕ ದಶಕಗಳ ಕಾಲ ತಲೆಗೆ ತಿಂಗಳಿಗೆ 25 ಡಾಲರ್ ಮಾತ್ರ. 1996ರಲ್ಲಿ ಶಾಸನಸಭೆ ಇದನ್ನು ಬದಲಿಸಿತು. ಘೋರ ಅಪರಾಧ ಮಾಡಿದ ಹುಡುಗನಿಗೆ ಶುಲ್ಕ 150 ಡಾಲರ್. ಅಪರಾಧ ಸಣ್ಣದಾದಷ್ಟೂ ಶುಲ್ಕ ದೊಡ್ಡದು, ನಿಜವೆಚ್ಚದ ಅರ್ಧ, ಮುಕ್ಕಾಲು, ಕೊನೆಗೆ ಪೂರ್ತಿ. 1997ರ ಜನವರಿಯಲ್ಲಿ ಇದು ಜಾರಿಗೆ ಬಂತು. ನ್ಯಾಯಾಧೀಶರು ಬದಲಾಗಿರಲಿಲ್ಲ, ದಂಡಸಂಹಿತೆಯೂ ಬದಲಾಗಿರಲಿಲ್ಲ. ಆದರೂ ಸಣ್ಣ ಅಪರಾಧದ ಹುಡುಗರನ್ನು ಕಳಿಸುವುದು ತೀವ್ರವಾಗಿ ಇಳಿಯಿತು. 1996ರಲ್ಲಿ 10,000ದ ಆಸುಪಾಸಿನಲ್ಲಿದ್ದ ಪ್ರಾಧಿಕಾರದ ಸಂಸ್ಥೆಗಳ ನಿವಾಸಿಗಳ ಸಂಖ್ಯೆ ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಅದೇ ಅವಧಿಯಲ್ಲಿ ಬಾಲಾಪರಾಧವೂ ತಗ್ಗುತ್ತಿತ್ತು, ಹಾಗಾಗಿ ಇಳಿಕೆಯನ್ನೆಲ್ಲ ಶುಲ್ಕದ ಲೆಕ್ಕಕ್ಕೆ ಬರೆಯುವುದು ತಪ್ಪಾದೀತು. ಆದರೆ ದುಬಾರಿಯಾದ ವರ್ಗದಲ್ಲೇ ಇಳಿಕೆ ಕಡಿದಾಗಿತ್ತೆಂಬುದನ್ನು ಬೇರೆ ಯಾವ ಕಾರಣವೂ ಅಷ್ಟು ಚೆನ್ನಾಗಿ ವಿವರಿಸುವುದಿಲ್ಲ. ಆ ಹುಡುಗರನ್ನು ಮೊದಲು ಕಳಿಸುತ್ತಿದ್ದುದು ಅಗತ್ಯಕ್ಕಲ್ಲ, ಅಗ್ಗವೆಂಬುದಕ್ಕೆ. ಆ ಸಂಸ್ಥೆಗಳು 2023ರ ಜೂನ್ 30ರಂದು ಪೂರ್ತಿ ಮುಚ್ಚಿದವು.

ಮೂರನೆಯದು 2009ರ ಕಾಯಿದೆ. ಪ್ರೊಬೇಷನ್ ಮುರಿದವರನ್ನು ಸೆರೆಮನೆಗೆ ಅಟ್ಟದೆ ಉಳಿಸಿದ ಹಣದಲ್ಲಿ ರಾಜ್ಯವು ಕೌಂಟಿಗೂ ಪಾಲು ಕೊಟ್ಟಿತು. ಮೊದಲ ವರ್ಷದಲ್ಲೇ ಪರಿಣಾಮ ಕಂಡಿತು.

ಹಣದ ಕಟ್ಟು ಸಡಿಲವಿದ್ದಾಗ ಏನಾಗುತ್ತದೆಂಬುದಕ್ಕೆ 1994ರ 'ಮೂರು ಏಟಿನ ಕಾನೂನು' ನಿದರ್ಶನ. 1992 ಮತ್ತು 1993ರ ಎರಡು ಕೊಲೆಗಳು ರಾಜ್ಯವನ್ನು ನಡುಗಿಸಿದ್ದವು. ಒಂದರಲ್ಲಿ ಬಲಿಯಾದದ್ದು ಮನೆಯಿಂದ ಅಪಹೃತಳಾದ ಹುಡುಗಿ, ಅಪಹರಿಸಿದವನು ಪೆರೋಲ್ ಮೇಲೆ ಹೊರಗಿದ್ದವನು. ಆ ದುಃಖ ನಿಜ, ಸಿಟ್ಟೂ ನ್ಯಾಯವಾದದ್ದು. ಗವರ್ನರ್ ಪೀಟ್ ವಿಲ್ಸನ್ ಮಾರ್ಚ್‌ನಲ್ಲಿ ಸಹಿ ಹಾಕಿದರು, ನವೆಂಬರ್‌ನಲ್ಲಿ ಮತದಾರರು ಪ್ರಸ್ತಾವ 184ರ ಮೂಲಕ ಮುದ್ರೆ ಒತ್ತಿದರು. ಗಂಭೀರ ಇಲ್ಲವೇ ಹಿಂಸಾತ್ಮಕ ಅಪರಾಧಗಳಿಗೆ ಹಿಂದೆ ಎರಡು ಸಲ ಶಿಕ್ಷೆಯಾದವನು ಮತ್ತೆ ಯಾವುದೇ ಗುರುತರ ಅಪರಾಧ ಮಾಡಿದರೆ 25 ವರ್ಷದಿಂದ ಜೀವಾವಧಿಯವರೆಗಿನ ಶಿಕ್ಷೆ ಎಂದಿತು ಆ ಕಾನೂನು. ಒಂದೇ ಕಾನೂನನ್ನು ಸಾನ್ ಫ್ರಾನ್ಸಿಸ್ಕೊ ಅಪರೂಪಕ್ಕೆ ಬಳಸಿತು, ಲಾಸ್ ಏಂಜಲೀಸ್ ಮತ್ತು ಸಾನ್ ಡಿಯಾಗೊ ಧಾರಾಳವಾಗಿ ಬಳಸಿದವು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಯೂಯಿಂಗ್ ಪ್ರಕರಣದಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಒಬ್ಬ ಹಳೆಯ ಅಪರಾಧಿಗೆ ಈ ಶಿಕ್ಷೆ ಬಿದ್ದದ್ದು ಮೂರು ಗಾಲ್ಫ್ ಕೋಲುಗಳನ್ನು ಕದ್ದದ್ದಕ್ಕೆ. ಒಂದೊಂದರ ಬೆಲೆ 399 ಡಾಲರ್. ಇಂದಿನ ದರದಲ್ಲಿ 25 ವರ್ಷದ ಸೆರೆವಾಸಕ್ಕೆ ಸುಮಾರು 32 ಲಕ್ಷ ಡಾಲರ್ ತಗಲುತ್ತದೆ. ಆ ಮೊತ್ತವನ್ನು ತಾನೇ ತೆರಬೇಕಿದ್ದರೆ ಆ ಕೌಂಟಿ ಅದೇ ಆರೋಪ ಹೊರಿಸುತ್ತಿತ್ತೇ?

2006ರಲ್ಲಿ ಕೈದಿಗಳ ಸಂಖ್ಯೆ 1,70,000 ದಾಟಿತು. ಸೆರೆಮನೆಗಳ ವೈದ್ಯಕೀಯ ದುಃಸ್ಥಿತಿಯನ್ನು ಕಂಡ ಸುಪ್ರೀಂ ಕೋರ್ಟ್ 2011ರ ಮೇ ತಿಂಗಳ ಪ್ಲಾಟಾ ತೀರ್ಪಿನಲ್ಲಿ, ನಿರ್ಮಾಣ ಸಾಮರ್ಥ್ಯದ ಶೇ. 137.5ಕ್ಕೆ ಸಂಖ್ಯೆ ಇಳಿಸಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಅದಕ್ಕಾಗಿ ರಾಜ್ಯ ಮಾಡಿದ ಬದಲಾವಣೆಯಿಂದ, ಅಕ್ಟೋಬರ್‌ನಿಂದ ಗುರುತರ ಅಪರಾಧಿಗಳಲ್ಲಿ ಕೆಳಹಂತದವರು ಕೌಂಟಿ ಜೈಲಿಗೆ, ಬಿಡುಗಡೆಯಾದವರಲ್ಲಿ ಬಹಳಷ್ಟು ಮಂದಿ ಕೌಂಟಿ ಪ್ರೊಬೇಷನ್ನಿನ ಸುಪರ್ದಿಗೆ ಬಂದರು. ಸ್ಥಳೀಯ ಪ್ರತಿರೋಧ ಸಂಘಟಿತವಾದದ್ದು ಇದಾದ ಮೇಲೆ. 2014ರ ಪ್ರಸ್ತಾವ 47ರಿಂದ 950 ಡಾಲರ್‌ವರೆಗಿನ ಕಳವು ಲಘು ಅಪರಾಧವಾಯಿತು. 2016ರ ಪ್ರಸ್ತಾವ 57 ಬೇಗನೆ ಪೆರೋಲ್ ಸಿಗುವ ದಾರಿ ತೆರೆಯಿತು. 2017ರ ಫೆಬ್ರವರಿಯಲ್ಲಿ ವಿಟಿಯರ್ ನಗರದ ಪೊಲೀಸ್ ಅಧಿಕಾರಿಯೊಬ್ಬರು ಕೌಂಟಿ ನಿಗಾವಣೆಯಲ್ಲಿದ್ದವನ ಗುಂಡಿಗೆ ಬಲಿಯಾದಾಗ ನಗರದ ಪೊಲೀಸ್ ಮುಖ್ಯಸ್ಥರು ಈ ಸುಧಾರಣೆಗಳನ್ನೇ ದೂರಿದರು. ಅವನ್ನು ಬಿಗಿಗೊಳಿಸಲು ಬಂದ ಪ್ರಸ್ತಾವ 20 ಮಾತ್ರ 2020ರಲ್ಲಿ ಸೋತಿತು. ಅದೇ ವರ್ಷ ಲಾಸ್ ಏಂಜಲೀಸ್‌ನ ಜಿಲ್ಲಾ ಅಟಾರ್ನಿಯಾದ ಜಾರ್ಜ್ ಗ್ಯಾಸ್ಕೋನ್ ಪೆರೋಲ್ ವಿಚಾರಣೆಗಳಿಗೆ ತಮ್ಮ ವಕೀಲರನ್ನು ಕಳಿಸುವುದನ್ನು ನಿಲ್ಲಿಸಿದರು. ಆ ಕೌಂಟಿಯ 30ಕ್ಕೂ ಹೆಚ್ಚು ನಗರಗಳು ಅವರ ವಿರುದ್ಧ ಅವಿಶ್ವಾಸದ ಠರಾವು ಮಾಡಿದವು; 2024ರಲ್ಲಿ ಅವರು ಸೋತರು.

ಝಿಮ್ರಿಂಗ್, ಬಾಲ್ ಮೊದಲಾದವರು ಕೌಂಟಿ ಮತ್ತು ರಾಜ್ಯಗಳ ನಡುವಿನ ಅಂತರವನ್ನು ತೋರಿಸಿಕೊಟ್ಟರು. ನಗರ ಮತ್ತು ಕೌಂಟಿಗಳ ನಡುವಿನ ಅಂತರಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅಂಗಡಿಗಳಲ್ಲಿ ಕಳವಾದರೆ ಮಾರಾಟ ತೆರಿಗೆಯ ಪಾಲು ಕಳೆದುಕೊಳ್ಳುವುದು ನಗರ, ಪೊಲೀಸರನ್ನು ಓಡಿಸಬೇಕಾದದ್ದು ನಗರ, ಬೈಗುಳ ತಿನ್ನುವುದೂ ನಗರದ ಮೇಯರ್. ಆದರೆ ಬಂಧನವಾದ ಮೇಲಿನ ಖರ್ಚಿನ ಬಹುಪಾಲು, ಅಂದರೆ ಜಿಲ್ಲಾ ಅಟಾರ್ನಿ, ಸರ್ಕಾರಿ ರಕ್ಷಣಾ ವಕೀಲ, ಜೈಲು, ವ್ಯಸನ ಚಿಕಿತ್ಸೆ, ನಗರದ್ದಲ್ಲ. 2011ರ ನಂತರ ಕೌಂಟಿಯ ಕೈಗೆ ಖರ್ಚಿನ ಬಿಲ್ ಬರತೊಡಗಿತು. ಸಾನ್ ಫ್ರಾನ್ಸಿಸ್ಕೊದಂತೆ ತಾನೇ ಕೌಂಟಿಯೂ ಆಗಿರುವಲ್ಲಿ ಬಿಟ್ಟರೆ ನಗರದ ಕೈಗೆ ಈಗಲೂ ಬಂದಿಲ್ಲ. ಠರಾವುಗಳು ನಗರಗಳಿಂದ ಸಾಲುಸಾಲಾಗಿ ಬರುವುದಕ್ಕೆ ಇದು ಸಣ್ಣ ಕಾರಣವಲ್ಲ. ಇನ್ನೊಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಪ್ರಸ್ತಾವ 47ರಿಂದ ಉಳಿದ ಸೆರೆಮನೆ ವೆಚ್ಚದ ಶೇ. 65 ಚಿಕಿತ್ಸೆ ಮತ್ತು ಪುನರ್ವಸತಿಯ ಅನುದಾನವಾಗಿ ಸ್ಥಳೀಯ ಸಂಸ್ಥೆಗಳಿಗೇ ಬರುತ್ತದೆ, ಶೇ. 25 ಶಾಲೆಗಳಿಗೆ. ಪ್ರಸ್ತಾವ 36ರಿಂದ ಆ ಉಳಿತಾಯ ಕುಗ್ಗುತ್ತದೆಂದು ಶಾಸಕಾಂಗದ ವಿಶ್ಲೇಷಕರ ಕಚೇರಿ ಮೊದಲೇ ತಿಳಿಸಿತ್ತು. ಕಾನೂನು ಚಿಕಿತ್ಸೆಯ ಭರವಸೆ ಕೊಟ್ಟಿತು, ಚಿಕಿತ್ಸೆಗೆ ಹೊಸ ಹಣ ಕೊಡಲಿಲ್ಲ. 2025ರ ಬಜೆಟ್ಟಿನಲ್ಲಿ ಈ ಕಾನೂನಿನ ಒಟ್ಟು ಜಾರಿಗೆಂದು ರಾಜ್ಯ ಕೊಟ್ಟದ್ದು 10 ಕೋಟಿ ಡಾಲರ್, ಅದೂ ಒಂದೇ ಸಲಕ್ಕೆ.

ಈ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಪೂರ್ತಿ ವೆಚ್ಚವನ್ನು ಕೌಂಟಿಗೇ ಹೊರಿಸಿದರೆ, ಬಡತನವೂ ಅಪರಾಧವೂ ಒಟ್ಟಿಗೇ ಇರುವ ಮಧ್ಯ ಕಣಿವೆಯ ಕೌಂಟಿಗಳಲ್ಲಿ ಕೊಲೆಗಾರನಿಗೂ ಶಿಕ್ಷೆ ಕೊಡಿಸಲು ಹಿಂಜರಿಕೆ ಬಂದೀತು. ಸಿರಿವಂತ ಕೌಂಟಿಯ ಸಂತ್ರಸ್ತೆಗೆ ಸಿಗುವ ನ್ಯಾಯ ಬಡ ಕೌಂಟಿಯವಳಿಗೆ ಸಿಗದೇ ಹೋದೀತು. ಇದನ್ನು ತಳ್ಳಿಹಾಕಲಾಗದು. ಇದಕ್ಕೆ ಬಾಲ್ ಅವರ ಸಲಹೆ ಸಮರ್ಪಕ ಉತ್ತರವೆಂದು ನನ್ನ ಅಭಿಪ್ರಾಯ: ಹಿಂಸಾಪರಾಧದ ಪ್ರಮಾಣಕ್ಕೆ ತಕ್ಕಂತೆ ರಾಜ್ಯವು ಕೌಂಟಿಗೆ ಇಡಿಗಂಟು ಕೊಡಲಿ, ಅದನ್ನು ಸೆರೆಮನೆಗೋ ಚಿಕಿತ್ಸೆಗೋ ಪೊಲೀಸಿಗೋ ಎಂದು ಕೌಂಟಿಯೇ ತೀರ್ಮಾನಿಸಲಿ. ಆಗ ಹಿಂಸೆ ಹೆಚ್ಚಿರುವ ಊರಿಗೆ ಹಣವೂ ಹೆಚ್ಚು ಸಿಗುತ್ತದೆ. ಅದನ್ನೆಲ್ಲ ಸಣ್ಣ ಕಳ್ಳರ ಮೇಲೆ ಸುರಿದರೆ ಕೊರತೆ ಬೀಳುವುದೂ ಅದೇ ಊರಿಗೆ.

ಅಲ್ಲಿಯವರೆಗೆ ನಗರ ಪರಿಷತ್ತುಗಳಿಂದ ಕೇಳಬೇಕಾದದ್ದು ಒಂದಿದೆ. ಶಿಕ್ಷೆ ಹೆಚ್ಚಿಸಲು ಠರಾವು ಮಾಡುವಾಗ, ಅದರಿಂದ ಎಷ್ಟು ಜೈಲು ಹಾಸಿಗೆ, ಎಷ್ಟು ಚಿಕಿತ್ಸಾ ಹಾಸಿಗೆ ಬೇಕು, ಯಾರ ಬಜೆಟ್ಟಿನಿಂದ ಎಂಬ ತಖ್ತೆಯನ್ನು ಅದೇ ಠರಾವಿಗೆ ಲಗತ್ತಿಸಬೇಕು. ಸಾನ್ ಹೋಸೆ, ಸನಿವೇಲ್, ಫ್ರೀಮಾಂಟ್‌ಗಳಲ್ಲಿ ನೆಲೆಸಿ ಮತದ ಹಕ್ಕು ಪಡೆದ ಕನ್ನಡಿಗರ ಕೈಗೂ ಇಂಥ ಪ್ರಸ್ತಾವಗಳು ಬರುತ್ತವೆ. ಜತೆಗೆ ಬರುವ ಮಾಹಿತಿ ಪುಸ್ತಿಕೆಯಲ್ಲಿ ವಿಶ್ಲೇಷಕರ ಕಚೇರಿಯ ವೆಚ್ಚದ ಅಂದಾಜು ಇರುತ್ತದೆ. ಮತ ಯಾವ ಕಡೆಗೇ ಹೋಗಲಿ, ಆ ಪುಟವನ್ನು ಓದದೆ ಹಾಕಬಾರದು.