ಗುಜರಿಯ ಲಿಬರೇಟರುಗಳು

ಎರಡನೆಯ ಮಹಾಯುದ್ಧ ನಮ್ಮ ಧಾರವಾಡದ ಕಡೆಗೆ ಬಂದದ್ದು ರೇಶನ್ ಅಂಗಡಿಯ ಸಾಲಾಗಿ, ಸೀಮೆಎಣ್ಣೆಯ ಅಭಾವವಾಗಿ, ಪಲ್ಟಣಿಗೆ ಸೇರಿದ ಹುಡುಗರ ಪತ್ರಗಳಾಗಿ. ಬಾಂಬು ಬೀಳಲಿಲ್ಲ. ಆದ್ದರಿಂದ ಜಪಾನಿನ ವಿಮಾನವೆಂಬುದು ನಮಗೆ ಹಿರಿಯರ ಹರಟೆಯಲ್ಲಿ ಕೇಳಿದ ಮಾತು ಮಾತ್ರ. ಪೂರ್ವ ಕರಾವಳಿಯವರಿಗೆ ಹಾಗಲ್ಲ. ೧೯೪೨ರ ಏಪ್ರಿಲ್ ೫ರಂದು ಕೊಲಂಬೊದ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಜಪಾನೀಯರ ಬಾಂಬುಗಳು ಬಿದ್ದವು. ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿಗೆ ಹೊರಟರು. ಅದೇ ವರ್ಷದ ಡಿಸೆಂಬರಿನಲ್ಲಿ ಕಲಕತ್ತೆಯ ಸರದಿ ಬಂತು.

ಆ ಯುದ್ಧಕಾಲದ ಜಪಾನೀ ವಿಮಾನವೊಂದನ್ನು ನಾನು ಕಣ್ಣಾರೆ ಕಂಡದ್ದು ದಿಲ್ಲಿಯ ಪಾಲಮ್ಮಿನಲ್ಲಿ, ನಮ್ಮ ವಾಯುಸೇನೆಯ ವಸ್ತುಸಂಗ್ರಹಾಲಯದಲ್ಲಿ. ವಿಮಾನಗಳ ನಡುವೆ ಕನ್ನಡದ ಅಧ್ಯಾಪಕನಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಮೂರು ದಿನದ ವಿಚಾರಸಂಕಿರಣಕ್ಕೆ ಹೋದವನಿಗೆ ಮೂರನೆಯ ದಿನ ಎಲ್ಲಿಯಾದರೂ ತಪ್ಪಿಸಿಕೊಳ್ಳುವುದೇ ಕೆಲಸ!

ಹ್ಯಾಂಗರಿನೊಳಗೆ ಹರಿಕೇನ್, ಸ್ಪಿಟ್‌ಫೈರ್ ಮೊದಲಾದ ಹೆಸರಾಂತ ವಿಮಾನಗಳ ನಡುವೆ ಅದು ನಿಂತಿತ್ತು. ವಿಮಾನವೆನ್ನಲು ನಾಲಿಗೆ ಏಳದು. ಇಪ್ಪತ್ತು ಅಡಿ ಉದ್ದ. ಮೊಂಡು ಮೋಟು ರೆಕ್ಕೆ. ಕೆಳಗೆ ಬಾಗಿ ಗಾಲಿಗಳನ್ನು ಹುಡುಕಿದೆ, ಇರಲಿಲ್ಲ. ಇರಬೇಕಾದ ಕಾರಣವೂ ಇಲ್ಲ. ಅದರ ಹೆಸರು ‘ಓಕಾ’, ಅಂದರೆ ಚೆರಿಹೂವು. ಮೂತಿಯಲ್ಲಿ ೧,೨೦೦ ಕಿಲೋಗ್ರಾಮ್ ತೂಕದ ಸಿಡಿತಲೆ, ಬಾಲದಲ್ಲಿ ಮೂರು ರಾಕೆಟ್ಟುಗಳು, ನಡುವೆ ಒಬ್ಬ ಮನುಷ್ಯ ಕೂಡುವಷ್ಟು ಜಾಗ. ದೊಡ್ಡ ಬಾಂಬರೊಂದರ ಹೊಟ್ಟೆಗೆ ಇದನ್ನು ತೂಗುಹಾಕಿ ಒಯ್ಯುತ್ತಿದ್ದರು. ಶತ್ರುವಿನ ಹಡಗು ಕಂಡೊಡನೆ ಕಳಚಿ ಬಿಟ್ಟರೆ ಮುಂದಿನದು ಒಳಗೆ ಕುಳಿತವನ ಪಾಲಿಗೆ. ಹಡಗಿಗೆ ಬಡಿದರೂ ಸಾವು, ತಪ್ಪಿದರೂ ಸಾವು. ೧೯೪೫ರ ಮಾರ್ಚ್ ೨೧ರಂದು ಇದರ ಮೊದಲ ದಾಳಿ ಹೊರಟಾಗ, ಹೊತ್ತೊಯ್ಯುತ್ತಿದ್ದ ಬಾಂಬರುಗಳನ್ನೆಲ್ಲ ಅಮೆರಿಕದವರು ಗುರಿ ಮುಟ್ಟುವ ಮೊದಲೇ ಹೊಡೆದುರುಳಿಸಿದರು. ಅಮೆರಿಕದ ನಾವಿಕರು ಇದಕ್ಕೆ ‘ಬಾಕಾ’ ಎಂದು ಹೆಸರಿಟ್ಟಿದ್ದರು. ಜಪಾನೀ ಭಾಷೆಯಲ್ಲಿ ಹಾಗೆಂದರೆ ದಡ್ಡ.

ಆ ಸಣ್ಣ ಗೂಡನ್ನು ನೋಡುತ್ತ ನಿಂತಾಗ ನನಗೆ ಕಾಡಿದ್ದು ಬೇರೆಯೇ ಸಂಗತಿ. ೧೯೪೩ರ ಅಕ್ಟೋಬರಿನಲ್ಲಿ ಜಪಾನ್ ಸರಕಾರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಸೈನ್ಯದಿಂದ ಇದ್ದ ವಿನಾಯಿತಿಯನ್ನು ತೆಗೆದುಹಾಕಿತು. ಎಲ್ಲರಿಗೂ ಅಲ್ಲ. ವಿಜ್ಞಾನ, ಎಂಜಿನಿಯರಿಂಗ್ ಓದುವವರನ್ನು ಬಿಟ್ಟರು. ಸಾಹಿತ್ಯ, ಕಾನೂನು, ಅರ್ಥಶಾಸ್ತ್ರ ಓದುವವರನ್ನು ಎಳೆದೊಯ್ದರು. ಆತ್ಮಾಹುತಿ ದಳಗಳಲ್ಲಿ ಹಾರಿದ ತರುಣರಲ್ಲಿ ಅನೇಕರು ಹೀಗೆ ತರಗತಿಯಿಂದ ಎದ್ದು ಹೋದವರು. ಪ್ರತಿ ಜೂನಿನಲ್ಲಿ ಬಿ.ಎ. ಮೊದಲ ವರ್ಷದ ಹಾಜರಿ ಕೂಗುವವನು ನಾನು. ರಾಷ್ಟ್ರವೊಂದು ಕಷ್ಟಕ್ಕೆ ಸಿಕ್ಕಾಗ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಸುಡಬಹುದು ಎಂದು ಪಟ್ಟಿ ಮಾಡಿದರೆ ನನ್ನ ಹುಡುಗರು ಯಾವ ಕಡೆಗೆ ಬರುತ್ತಾರೆಂದು ಊಹಿಸುವುದು ಕಠಿಣವಲ್ಲ.

ಹೊರಗೆ ಬಂದೆ. ಬಯಲಿನಲ್ಲಿ, ಬಿಸಿಲಿಗೆ ಮೈಯೊಡ್ಡಿ, ಇನ್ನೊಂದು ವಿಮಾನ ನಿಂತಿತ್ತು. ನೂರಹತ್ತು ಅಡಿ ಅಗಲದ ರೆಕ್ಕೆ, ನಾಲ್ಕು ಎಂಜಿನು, ಬಾಗಿಲಿನಂತಹ ಎರಡು ಬಾಲಗಳು. ಅಮೆರಿಕದ ಬಿ-೨೪ ಲಿಬರೇಟರ್ ಬಾಂಬರ್. ಯುದ್ಧಕಾಲದಲ್ಲಿ ಇಂಥವನ್ನು ೧೮,೦೦೦ಕ್ಕೂ ಹೆಚ್ಚು ಕಟ್ಟಿದರು. ಈಗ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ನೋಡುಗರು ಅದರ ಮುಂದೆ ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಿದ್ದರು. ನನಗೆ ಮಾತ್ರ ಅದು ಊರಿನವರು ಸಿಕ್ಕಂತಾಯಿತು. ಯಾಕೆಂದರೆ ಹುಟ್ಟು ಅಮೆರಿಕದ್ದಾದರೂ ಅದರ ಮರುಹುಟ್ಟು ನಮ್ಮ ಬೆಂಗಳೂರಿನದು.

ಬೆಂಗಳೂರಿಗೆ ವಿಮಾನದ ಕಾರಖಾನೆ ಬಂದದ್ದು ೧೯೪೦ರ ಡಿಸೆಂಬರಿನಲ್ಲಿ. ಉದ್ಯಮಿ ವಾಲಚಂದ ಹಿರಾಚಂದರ ಹಟ, ಮೈಸೂರು ಸಂಸ್ಥಾನದ ಬೆಂಬಲ, ಎರಡೂ ಕೂಡಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ೧೯೪೧ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ, ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ ಅಲ್ಲಿ ಜೋಡಣೆಯಾಗಿ ಹಾರಿದವು. ಅಷ್ಟರಲ್ಲಿ ಜಪಾನೀಯರು ಬರ್ಮಾದಲ್ಲಿದ್ದರು. ೧೯೪೨ರ ಏಪ್ರಿಲಿನಲ್ಲಿ ಭಾರತ ಸರಕಾರ ವಾಲಚಂದರ ಪಾಲನ್ನು ಕೊಂಡುಕೊಂಡು ಕಾರಖಾನೆಯನ್ನು ಕೈಗೆ ತೆಗೆದುಕೊಂಡಿತು. ೧೯೪೩ರಲ್ಲಿ ಅದನ್ನು ಅಮೆರಿಕದ ವಾಯುಸೇನೆಗೆ ಒಪ್ಪಿಸಿತು. ಹೊಸ ವಿಮಾನ ಕಟ್ಟುವ ಕನಸು ಅಲ್ಲಿಗೆ ನಿಂತಿತು. ದುರಸ್ತಿಯೇ ಕೆಲಸವಾಯಿತು. ಇದನ್ನು ಹಿನ್ನಡೆಯೆಂದು ಬರೆದವರುಂಟು. ನನಗೆ ಹಾಗೆ ತೋರುವುದಿಲ್ಲ. ಎರಡು ಮೂರು ವರ್ಷ ಅಮೆರಿಕದ ದೊಡ್ಡ ವಿಮಾನಗಳನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ ಬೆಂಗಳೂರಿನ ಕೆಲಸಗಾರರಿಗೆ ಅವುಗಳ ನರನಾಡಿಯೆಲ್ಲ ತಿಳಿಯಿತು. ಡಕೋಟಾ ಸಾಗಣೆ ವಿಮಾನದ ಎಂಜಿನು, ಲಿಬರೇಟರಿನ ಎಂಜಿನು ಎರಡೂ ಒಂದೇ ಮನೆತನದವು. ಹದಿನಾಲ್ಕು ಸಿಲಿಂಡರಿನ ಪ್ರ್ಯಾಟ್ ಆ್ಯಂಡ್ ವಿಟ್ನಿ. ಒಂದನ್ನು ಬಲ್ಲವನು ಇನ್ನೊಂದರ ಮುಂದೆ ತಬ್ಬಿಬ್ಬಾಗಬೇಕಿಲ್ಲ.

ಯುದ್ಧ ಮುಗಿಯಿತು. ಬ್ರಿಟಿಷ್ ವಾಯುಸೇನೆ ಲೆಂಡ್-ಲೀಸ್ ಒಪ್ಪಂದದ ಮೇಲೆ ಅಮೆರಿಕದಿಂದ ಪಡೆದಿದ್ದ ಲಿಬರೇಟರುಗಳು ಕಾನಪುರದ ವಿಮಾನನಿಲ್ದಾಣದಲ್ಲಿ ಸಾಲಾಗಿ ನಿಂತಿದ್ದವು. ಒಪ್ಪಂದದ ಪ್ರಕಾರ ಅವನ್ನು ಹಿಂದಕ್ಕೆ ಕೊಡಬೇಕು, ಇಲ್ಲವೆ ನಾಶಮಾಡಬೇಕು. ಒಯ್ಯುವ ಖರ್ಚು ಯಾರಿಗೂ ಬೇಡ. ಹಾಗಾಗಿ ಯಾರೂ ಮತ್ತೆ ಹಾರಿಸಬಾರದೆಂದು ಎಂಜಿನುಗಳಿಗೆ ಮರಳು ಸುರಿದರು, ಮೀಟರುಗಳನ್ನು ಒಡೆದರು, ಮೈಗೆ ತೂತು ಕೊರೆದರು. ಕೊಟ್ಟ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದರೆನ್ನಬೇಕು.

ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪು ೧೮೮೫ರಷ್ಟು ಹಳೆಯದು. ನಮ್ಮ ಸೋದರಮಾವ ಅಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕಾನಪುರದ ಈ ಕಥೆಯನ್ನು ಅವರಿಗೆ ಹೇಳಿದಾಗ ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ಅಂದರು: “ಕೆಟ್ಟಿದ್ದು ರಿಪೇರಿ ಮಾಡೋದು ಸರಳ ತಮ್ಮಾ. ಕೆಡಿಸಿದ್ದು ರಿಪೇರಿ ಮಾಡೋದು ಭಾಳ ತ್ರಾಸ.” ಬಿಡಿಸಿ ಹೇಳಿರೆಂದೆ. ತಾನಾಗಿ ಸವೆದ ಯಂತ್ರ ಎಲ್ಲಿ ಸವೆದಿದೆ ಎಂಬುದನ್ನು ತಾನೇ ತೋರಿಸುತ್ತದೆ. ಬೇರಿಂಗು ಸದ್ದು ಮಾಡುತ್ತದೆ, ಎಣ್ಣೆ ಸೋರುತ್ತದೆ. ಬೇಕೆಂದು ಕೆಡಿಸಿದ ಯಂತ್ರ ಸುಳ್ಳು ಹೇಳುತ್ತದೆ. ಮೇಲೆ ನೆಟ್ಟಗಿದ್ದದ್ದು ಒಳಗೆ ಹೇಗಿದೆಯೋ! ಒಂದೊಂದು ನಟ್ಟನ್ನೂ ಅನುಮಾನದಿಂದ ನೋಡಬೇಕು. ಎಂಜಿನಿನಲ್ಲಿ ಒಂದು ಚಿಟಿಕೆ ಮರಳು ಉಳಿದರೂ ಆಕಾಶದಲ್ಲಿ ಅದು ತನ್ನ ಲೆಕ್ಕ ಕೇಳುತ್ತದೆ.

೧೯೪೮. ದೇಶ ಇಬ್ಭಾಗವಾಗಿ, ಕಾಶ್ಮೀರದಲ್ಲಿ ಕದನ ನಡೆದಿದೆ. ನಮ್ಮ ವಾಯುಸೇನೆಗೆ ದೊಡ್ಡ ಬಾಂಬರುಗಳಿಲ್ಲ. ಹೊಸದನ್ನು ಕೊಳ್ಳುವಷ್ಟು ಹಣವೂ ಇಲ್ಲ. ಆಗ ಯಾರದೋ ಕಣ್ಣು ಕಾನಪುರದ ಗುಜರಿಯ ಮೇಲೆ ಬಿತ್ತು. ಬೆಂಗಳೂರಿನ ಕಾರಖಾನೆ ಆಗ ರೈಲು ಡಬ್ಬಿಗಳನ್ನು ಕಟ್ಟಿ ಹೊಟ್ಟೆ ಹೊರೆಯುತ್ತಿತ್ತು. ಅಲ್ಲಿಯ ತಂಡ ಕಾನಪುರಕ್ಕೆ ಹೋಗಿ, ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿ, ಒಂದೇ ಒಂದು ಹಾರಾಟಕ್ಕೆ ಸಾಕಾಗುವಷ್ಟು ತೇಪೆ ಹಾಕಿತು. ಓಕಾ ಕೂಡ ಒಂದೇ ಹಾರಾಟದ ವಿಮಾನವಾಗಿತ್ತು. ಆದರೆ ಇಲ್ಲಿ ಕೊನೆಗೆ ಇಳಿಯಲಿಕ್ಕೆ ಬೆಂಗಳೂರಿತ್ತು.

ಕಾನಪುರದಿಂದ ಬೆಂಗಳೂರಿಗೆ ವಿಮಾನದ ದಾರಿ ಸುಮಾರು ೧,೫೦೦ ಕಿಲೋಮೀಟರು. ಕಾರಖಾನೆಯ ಪರೀಕ್ಷಾ ಚಾಲಕ ಜಮಶೇದ್ ಕೈಕೋಬಾದ್ ಮುನ್ಶಿ ಇಂಥ ತೇಪೆಯ ಲಿಬರೇಟರುಗಳನ್ನು ಒಂದಾದ ಮೇಲೊಂದರಂತೆ ಹಾರಿಸಿ ತಂದರು. ಹೀಗೆ ಬಂದವು ನಲವತ್ತೆರಡು. ಬೆಂಗಳೂರಿನಲ್ಲಿ ಅವನ್ನು ಪೂರ್ತಿ ಬಿಚ್ಚಿ, ಸರಿಪಡಿಸಿ, ಹೊಸದಾಗಿ ಕಟ್ಟಿದರು. ೧೯೪೮ರ ನವೆಂಬರಿನಲ್ಲಿ ವಾಯುಸೇನೆಯ ಐದನೆಯ ಸ್ಕ್ವಾಡ್ರನ್ ಈ ಲಿಬರೇಟರುಗಳಿಂದಲೇ ಹುಟ್ಟಿತು. ಕೆಲವು ವರ್ಷಗಳಲ್ಲಿ ಆರನೆಯ ಸ್ಕ್ವಾಡ್ರನ್ನು ಇವುಗಳಿಂದ ಸಮುದ್ರದ ಕಾವಲು ನಡೆಸತೊಡಗಿತು. ಮುನ್ಶಿಯವರು ೧೯೫೧ರ ಆಗಸ್ಟಿನಲ್ಲಿ, ಡಾಕ್ಟರ್ ಘಾಟಗೆಯವರ ಮಾರ್ಗದರ್ಶನದಲ್ಲಿ ನಮ್ಮವರೇ ರೂಪಿಸಿದ ಎಚ್‌ಟಿ-೨ ವಿಮಾನವನ್ನೂ ಮೊದಲ ಬಾರಿಗೆ ಹಾರಿಸಿದರು. ಗುಜರಿಯ ಕೆಲಸಕ್ಕೂ ಈ ಹೊಸ ವಿಮಾನಕ್ಕೂ ನಡುವೆ ಮೂರೇ ವರ್ಷ. ನಮ್ಮ ಪುಸ್ತಕಗಳು ಎಚ್‌ಟಿ-೨ರಿಂದ ಕಥೆ ಆರಂಭಿಸುತ್ತವೆ. ನನ್ನನ್ನು ಕೇಳಿದರೆ ಅದು ಎರಡನೆಯ ಅಧ್ಯಾಯ.

ಮುನ್ಶಿಯವರ ಹೆಸರು ಇತಿಹಾಸಕ್ಕೆ ಸಿಕ್ಕಿತು, ಸಿಗಬೇಕಾದದ್ದೇ. ಮರಳು ತೊಳೆದವರ, ತೂತು ಮುಚ್ಚಿದವರ, ರಿವೆಟ್ ಬಡಿದವರ ಹೆಸರುಗಳು ಹಾಜರಿ ಪುಸ್ತಕವನ್ನು ದಾಟಿ ಹೊರಗೆ ಬರಲಿಲ್ಲ. ಪಾಲಮ್ಮಿನ ಬಯಲಿನಲ್ಲಿ ಆ ಲಿಬರೇಟರಿನ ಹೊಟ್ಟೆಯ ಕೆಳಗೆ ನಿಂತು ರಿವೆಟ್ಟುಗಳ ಸಾಲನ್ನು ನೋಡಿದೆ. ಯಾವುದು ಅಮೆರಿಕದ್ದು, ಯಾವುದು ಬೆಂಗಳೂರಿನದು ಎಂದು ನನ್ನ ಕಣ್ಣಿಗೆ ಬೇರೆಬೇರೆಯಾಗಿ ಕಾಣಲಿಲ್ಲ. ಮಾವನವರು ಕೇಳಿದರೆ, ಕೆಲಸ ಚಲೋ ಆಗಿದೆ ಎಂಬುದಕ್ಕೆ ಅದೇ ಗುರುತು ಅಂದಾರು.

ಮರಳು ಕುಡಿದು ಸತ್ತ ಆ ವಿಮಾನಗಳು ಇಪ್ಪತ್ತು ವರ್ಷ ನಮ್ಮ ಕೆಲಸ ಮಾಡಿ ೧೯೬೮ರ ಕೊನೆಗೆ ನಿವೃತ್ತವಾದವು. ಅಷ್ಟರಲ್ಲಿ ಬೇರೆ ದೇಶಗಳವರಿಗೆ ತಮ್ಮ ಹಳೆಯ ಲಿಬರೇಟರುಗಳ ನೆನಪಾಗಿತ್ತು. ತಮ್ಮಲ್ಲಿ ಮಾತ್ರ ಹೆಚ್ಚೇನೂ ಉಳಿದಿರಲಿಲ್ಲ ಎಂಬಂಥ ಸ್ಥಿತಿ. ಒಂದು ಕೆನಡಾಕ್ಕೆ ಹಾರಿಹೋಯಿತು, ಒಂದು ಅಮೆರಿಕದ ಅರಿಝೋನಾಕ್ಕೆ, ಒಂದು ಇಂಗ್ಲೆಂಡಿನ ವಾಯುಸೇನಾ ಸಂಗ್ರಹಾಲಯಕ್ಕೆ. ಅಮೆರಿಕದಲ್ಲಿ ಇಂಥದೇ ಒಂದನ್ನು ಮತ್ತೆ ದುರಸ್ತಿ ಮಾಡಿ ೧೯೮೯ರಿಂದ ಎಷ್ಟೋ ವರ್ಷ ಪ್ರದರ್ಶನಗಳಲ್ಲಿ ಹಾರಿಸಿದರು. ಭಾರತದ ಬಣ್ಣ ತೆಗೆದು ಅಮೆರಿಕದ ಯುದ್ಧಕಾಲದ ಬಣ್ಣ ಬಳಿದಿದ್ದರು.

ಬೆಂಗಳೂರಿನಲ್ಲಿ ಎಚ್‌ಎಎಲ್‌ನವರದೇ ಸಂಗ್ರಹಾಲಯ ೨೦೦೧ರಲ್ಲಿ ತೆರೆಯಿತು. ಕಾಲೇಜಿನ ಪ್ರವಾಸದಲ್ಲಿ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಎಚ್‌ಟಿ-೨ ನೋಡಿದೆವು, ಮಾರುತ ನೋಡಿದೆವು. ಲಿಬರೇಟರ್ ಎಲ್ಲೆಂದು ಒಬ್ಬ ಹುಡುಗ ಕೇಳಿದ. ಬಸ್ಸಿನಲ್ಲಿ ನಾನೇ ಕಥೆ ಹೇಳಿ ಹುರಿದುಂಬಿಸಿದ್ದೆ. ಅಂಗಳವನ್ನೆಲ್ಲ ಸುತ್ತಿ ಬಂದೆವು, ಒಂದೂ ಕಾಣಲಿಲ್ಲ. ಅದನ್ನು ನೋಡಬೇಕಾದರೆ ದಿಲ್ಲಿಗೆ ಹೋಗಬೇಕು, ಇಲ್ಲವೆ ಅರಿಝೋನಾಕ್ಕೆ ಎಂದೆ. “ದಿಲ್ಲೀನೇ ಸಮೀಪ ಆತು ಬಿಡ್ರಿ ಸರ್” ಅಂದ.